ಬಾಂಬು ಸಿಡಿದರೆ ಗೌರಿಬಿದನೂರಿಗೆ ಗೊತ್ತಾಗುತ್ತದೆ

1957ರ ಸೆಪ್ಟೆಂಬರ್ 19ರಂದು ಅಮೆರಿಕದವರು ನೆವಾಡಾ ಮರುಭೂಮಿಯ ಗುಡ್ಡವೊಂದರಲ್ಲಿ ಸುರಂಗ ಕೊರೆದು, ಅದರೊಳಗೆ ಅಣುಬಾಂಬು ಇಟ್ಟು ಸಿಡಿಸಿದರು. ಆ ಪರೀಕ್ಷೆಗೆ ಇಟ್ಟ ಹೆಸರು ರೇನಿಯರ್. ಶಕ್ತಿ 1.7 ಕಿಲೋಟನ್, ಹಿರೋಷಿಮಾದ ಬಾಂಬಿನ ಒಂಬತ್ತರಲ್ಲಿ ಒಂದು ಪಾಲು ಅನ್ನಬಹುದು. ಬಾಂಬು ಚಿಕ್ಕದಾದರೂ ಕೆಲಸ ಹೊಸದು. ಹೊಗೆ, ಬೂದಿ, ವಿಕಿರಣ ಯಾವುದೂ ಹೊರಬರದ ಹಾಗೆ ಒಂದು ಸ್ಫೋಟ ಪೂರ್ತಿ ನೆಲದೊಳಗೇ ನಡೆದದ್ದು ಅದೇ ಮೊದಲು.

ಮಾರನೆಯ ವರ್ಷದ ಮಾರ್ಚಿನಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ಒಂದು ಪ್ರಕಟಣೆ ಹೊರಡಿಸಿತು. ರೇನಿಯರ್ ಎಬ್ಬಿಸಿದ ಕಂಪನ ಇನ್ನೂರು ಚಿಲ್ಲರೆ ಮೈಲಿಯಾಚೆ ಯಾವ ಯಂತ್ರಕ್ಕೂ ಸಿಗಲಿಲ್ಲ ಎಂದು ಅದರಲ್ಲಿತ್ತು. ವಾಷಿಂಗ್ಟನ್ನಿನಲ್ಲಿ ಐ. ಎಫ್. ಸ್ಟೋನ್ ಎಂಬ ಪತ್ರಕರ್ತನಿದ್ದ. ತಾನೇ ಬರೆದು ತಾನೇ ಹೊರತರುವ ನಾಲ್ಕು ಪುಟದ ವಾರಪತ್ರಿಕೆ ಅವನದು. ಸ್ಫೋಟದ ಮರುದಿನದ ಪತ್ರಿಕೆಗಳ ಮೂಲೆಯಲ್ಲಿ ಟೊರಾಂಟೊ, ರೋಮ್, ಟೋಕಿಯೊಗಳ ಯಂತ್ರಗಳೂ ಅಲುಗಿದವು ಎಂಬ ಸಣ್ಣ ಸುದ್ದಿಗಳಿದ್ದದ್ದು ಅವನಿಗೆ ನೆನಪಿತ್ತು. ಸರ್ಕಾರದ್ದೇ ಭೂಮಾಪನ ಇಲಾಖೆಯ ಭೂಕಂಪ ತಜ್ಞರನ್ನು ವಿಚಾರಿಸಿದ. ಅವರು ಮುಚ್ಚುಮರೆಯಿಲ್ಲದೆ ಪಟ್ಟಿ ಕೊಟ್ಟರು. ಅದರಲ್ಲಿ ಎರಡು ಸಾವಿರ ಮೈಲಿಗೂ ದೂರದ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಕೂಡ ಇತ್ತು. ಆಯೋಗ ಬೇರೆ ದಾರಿ ಕಾಣದೆ ತನ್ನ ಹೇಳಿಕೆ ತಿದ್ದಿಕೊಂಡಿತು.

ಆ ಸುಳ್ಳಿನ ಹಿಂದೆ ಒಂದು ಲೆಕ್ಕಾಚಾರವಿತ್ತು. ಬಾಂಬು ಪರೀಕ್ಷೆ ನಿಲ್ಲಿಸುವ ಒಪ್ಪಂದ ಬೇಕೆಂಬ ಕೂಗು ಆಗ ಜೋರಾಗಿತ್ತು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ 15 ಮೆಗಾಟನ್ ಬಾಂಬಿನ ಬೂದಿ ಜಪಾನಿ ಮೀನುಗಾರರ ದೋಣಿಯೊಂದರ ಮೇಲೆ ಸುರಿದಿತ್ತು. ಒಂದು ತಿಂಗಳಿಗೆ, ಏಪ್ರಿಲ್ 2ರಂದು, ನಮ್ಮ ಲೋಕಸಭೆಯಲ್ಲಿ ನೆಹರೂ ಎದ್ದು ನಿಂತು ಈ ಪರೀಕ್ಷೆಗಳನ್ನು ಮೊದಲು ಇದ್ದಲ್ಲೇ ನಿಲ್ಲಿಸಿ ಎಂದಿದ್ದರು. ಒಪ್ಪಂದವಾದರೆ ರಷ್ಯಾ ಕದ್ದು ಬಾಂಬು ಸಿಡಿಸಿದ್ದನ್ನು ಕಂಡುಹಿಡಿಯುವುದು ಹೇಗೆ? ಕಂಪನ ಇನ್ನೂರು ಮೈಲಿಗೇ ಸತ್ತುಹೋಗುವುದಾದರೆ ರಷ್ಯಾದ ಒಳಗೇ ಊರೂರಿಗೆ ಯಂತ್ರ ನೆಡಬೇಕು. ಅದಕ್ಕೆ ರಷ್ಯಾ ಒಪ್ಪುವುದಿಲ್ಲ, ಅಲ್ಲಿಗೆ ಒಪ್ಪಂದದ ಮಾತೂ ಮುಗಿಯುತ್ತದೆ. ಒಪ್ಪಂದ ಬೇಡವಾದವರಿಗೆ ಅಂಥದೊಂದು ಅಂಕಿ ಬೇಕಾಗಿತ್ತು. ‘ಪತ್ತೆ ಮಾಡಲಾಗದು, ಆದ್ದರಿಂದ ನಿಲ್ಲಿಸಲಾಗದು’ ಎಂಬ ಈ ವಾದ ಅಮೆರಿಕದ ರಾಜಕೀಯದಲ್ಲಿ ಎಷ್ಟು ಅಧ್ಯಕ್ಷರು ಬದಲಾದರೂ ಸಾಯಲಿಲ್ಲ. ಅದಕ್ಕೆ ಉತ್ತರ ಸಿದ್ಧವಾದ ಜಾಗಗಳಲ್ಲಿ ನಮ್ಮ ಗೌರಿಬಿದನೂರೂ ಒಂದು.

1958ರ ಬೇಸಿಗೆಯಲ್ಲಿ ಪೂರ್ವ, ಪಶ್ಚಿಮ ಎರಡೂ ಬಣಗಳ ವಿಜ್ಞಾನಿಗಳು ಜಿನೀವಾದಲ್ಲಿ ಸೇರಿ, ಭೂಮಿಯ ಮೇಲೆ ನೂರಕ್ಕೂ ಹೆಚ್ಚು ನಿಲ್ದಾಣಗಳ ಜಾಲ ಹರಡಿದರೆ ಸ್ಫೋಟಗಳನ್ನು ಪತ್ತೆಹಚ್ಚಬಹುದು ಎಂದರು. ಆ ವರ್ಷದ ಕೊನೆಗೆ ಮೂರೂ ಅಣ್ವಸ್ತ್ರ ದೇಶಗಳು ಪರೀಕ್ಷೆ ನಿಲ್ಲಿಸಿದವು. ಹೀಗೆ ಆ ಮೂವರ ಬಾಂಬುಗಳು ಸುಮ್ಮನಿದ್ದ ಕಾಲದಲ್ಲಿ, 1960ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರೊಬ್ಬರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದರು. ಅವರು ಎಚ್. ನರಸಿಂಹಯ್ಯ. ಹುಡುಗನಾಗಿದ್ದಾಗ ಬಸ್ಸಿಗೆ ದುಡ್ಡಿಲ್ಲದೆ ನಡೆದೇ ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿಗೆ ಹೋದವರು, 1942ರಲ್ಲಿ ಜೈಲು ಕಂಡವರು. ಪರಮಾಣು ಓದಿಬಂದವರು ಬಾಂಬಿನ ಹತ್ತಿರ ಸುಳಿಯಲಿಲ್ಲ. ಊರಿಗೆ ಮರಳಿ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ಕಟ್ಟಿದರು, ಪವಾಡ ಮಾಡುವವರನ್ನು ಪುರಾವೆ ಕೇಳಿದರು. ಬಾಂಬಿಗೆ ಪುರಾವೆ ಕೇಳುವ ಕಂಪನಯಂತ್ರವೂ ಮುಂದೆ ಅವರ ತಾಲ್ಲೂಕಿಗೇ ಬಂದದ್ದು ಕಾಕತಾಳೀಯ. ನನಗಂತೂ ಅದು ಚೆಂದ ಕಾಣುತ್ತದೆ.

ಆ ಮೂರು ದೇಶಗಳ ಬಾಂಬುಗಳ ಮೌನ 1961ರ ಸೆಪ್ಟೆಂಬರ್ 1ರಂದು ಮುರಿಯಿತು. ರಷ್ಯಾ ಮೊದಲು ಸಿಡಿಸಿತು, ಎರಡು ವಾರಕ್ಕೆ ಅಮೆರಿಕವೂ ಶುರುಮಾಡಿತು. ಅಕ್ಟೋಬರ್ 30ರಂದು ರಷ್ಯಾದ ಸುಮಾರು 50 ಮೆಗಾಟನ್ ಬಾಂಬು ಆರ್ಕ್‌ಟಿಕ್ ಆಕಾಶದಲ್ಲಿ ಸಿಡಿಯಿತು. ಅದಕ್ಕಿಂತ ದೊಡ್ಡದನ್ನು ಇವತ್ತಿನವರೆಗೆ ಯಾರೂ ಸಿಡಿಸಿಲ್ಲ. ಮುಂದಿನ ವರ್ಷ ಕ್ಯೂಬಾ ಬಿಕ್ಕಟ್ಟು. ಗಾಬರಿಬಿದ್ದ ಕೆನಡಿ, ಕ್ರುಶ್ಚೇವ್ ಇಬ್ಬರೂ ಮಾತಿಗೆ ಕೂತರು. ಮಾತು ಕೆಟ್ಟದ್ದು ಒಂದು ಚೌಕಾಸಿಯಲ್ಲಿ. ಸಂಶಯ ಬಂದ ಜಾಗಕ್ಕೆ ವರ್ಷಕ್ಕೆ ಏಳು ಸಲ ಬಂದು ನೋಡಲು ಬಿಡಿ ಎಂದು ಅಮೆರಿಕ, ಮೂರಕ್ಕಿಂತ ಒಂದೂ ಹೆಚ್ಚಿಲ್ಲ ಎಂದು ರಷ್ಯಾ. ಏಳು–ಮೂರರ ನಡುವೆ ಪೂರ್ಣ ನಿಷೇಧ ಬಿದ್ದುಹೋಯಿತು. ಉಳಿದದ್ದು 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿಯಾದ ಅರೆ ನಿಷೇಧ: ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಬೇಡ, ನೆಲದಡಿ ಎಷ್ಟಾದರೂ ಸರಿ. ಭಾರತ ಮೂರೇ ದಿನಕ್ಕೆ ಸಹಿ ಹಾಕಿತು. ಅಮೆರಿಕದ ಸೆನೆಟ್ 80–19ರ ಬಹುಮತದಿಂದ ಒಪ್ಪಿತು. ಕೆನಡಿಯನ್ನು ಶಾಂತಿದೂತ ಎನ್ನುವವರು ಈ ಒಪ್ಪಂದ ತೋರಿಸುತ್ತಾರೆ. ಅಮೆರಿಕ ಒಟ್ಟು ನಡೆಸಿದ 1,030 ಪರೀಕ್ಷೆಗಳಲ್ಲಿ ಎಂಟುನೂರಕ್ಕೂ ಹೆಚ್ಚು ನೆಲದಡಿ ನಡೆದವು, ಅವುಗಳಲ್ಲಿ ಬಹುಪಾಲು ಈ ಒಪ್ಪಂದದ ಮೇಲೆ. ಬಾಂಬಿನ ಬೂದಿಯಿಂದ ಹಾಲಿಗೆ ವಿಕಿರಣ ಸೇರುವುದು ಕಡಿಮೆಯಾಯಿತು, ಅಷ್ಟರಮಟ್ಟಿಗೆ ಒಳ್ಳೆಯದೇ. ಬಾಂಬು ಮಾತ್ರ ನಿಲ್ಲಲಿಲ್ಲ.

ಹಾಗಾಗಿ ನೆಲಕ್ಕೆ ಕಿವಿಗೊಡುವವರು ಬೇಕಾದರು.

ಈ ವಿದ್ಯೆಯಲ್ಲಿ ಮುಂದಿದ್ದವರು ಬ್ರಿಟನ್ನಿನವರು. ಒಂದೇ ಯಂತ್ರ ಇಟ್ಟರೆ ಲಾರಿ ಓಡಾಡಿದ್ದು, ಗಾಳಿ ಬೀಸಿದ್ದು, ದೂರದ ಕಡಲಿನ ಅಲೆ ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತದೆ. ಹತ್ತಿಪ್ಪತ್ತು ಯಂತ್ರಗಳನ್ನು ಮೈಲಿಗಟ್ಟಲೆ ಉದ್ದಕ್ಕೆ ಸಾಲಾಗಿಟ್ಟು ಎಲ್ಲದರ ಗೆರೆಗಳನ್ನೂ ಕೂಡಿಸಿದರೆ ಸದ್ದುಗದ್ದಲ ಕಳೆದು ನಿಜವಾದ ಅಲೆ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವರಮುಂಗ, ನಾಲ್ಕನೆಯದು ಗೌರಿಬಿದನೂರು. ಹೋಮಿ ಭಾಭಾ ಅವರ ಅಣುಶಕ್ತಿ ಇಲಾಖೆ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಜತೆ ಸೇರಿ ಇದನ್ನು ಕಟ್ಟಿತು. ಕೇಂದ್ರ ಕೆಲಸ ಶುರುಮಾಡಿದ್ದು 1965ರ ಹೊತ್ತಿಗೆ. 1966ರ ಜನವರಿಯಲ್ಲಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಗೌರಿಬಿದನೂರು ಆಗ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ.

ಯಾಕೆ ಇಲ್ಲಿಯೇ? ಬೆಂಗಳೂರಿನಿಂದ ದೂರ, ಕಡಲಿನಿಂದ ಇನ್ನೂ ದೂರ, ಆಗ ಕಾರ್ಖಾನೆಗಳ ಗಲಾಟೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಕೆಳಗಿನ ಬಂಡೆ. 250 ಕೋಟಿ ವರ್ಷಕ್ಕೂ ಹಳೆಯ, ಗಟ್ಟಿ, ತಣ್ಣಗಿನ ಕಲ್ಲು. ಬೋರ್‌ವೆಲ್ ಕೊರೆಸಿ ಕೈಸುಟ್ಟುಕೊಂಡ ರೈತ ಶಾಪ ಹಾಕುವುದು ಈ ಕಲ್ಲಿಗೇ. ಆದರೆ ಸಾವಿರಾರು ಕಿಲೋಮೀಟರಿನಿಂದ ಬಂದ ಅಲೆಯನ್ನು ಸವೆಯಗೊಡದೆ ದಾಟಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ.

ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಎರಡು ತೋಳು, ಒಂದೊಂದೂ ಇಪ್ಪತ್ತು ಕಿ.ಮೀ.ಗೂ ಉದ್ದ. ರಾಗಿ, ಕಡಲೆಕಾಯಿ, ಮುಸುಕಿನ ಜೋಳದ ಹೊಲಗಳ ನಡುವೆ ಸುಮಾರು ಎರಡೂವರೆ ಕಿ.ಮೀ.ಗೊಂದರಂತೆ ಗುಂಡಿ, ಗುಂಡಿಯೊಳಗೆ ಕಂಪನಮಾಪಕ, ಒಟ್ಟು 20. ಅಲ್ಲಿಂದ ರೇಡಿಯೊ ಮೂಲಕ ಕೇಂದ್ರಕ್ಕೆ ಸಂಕೇತ, ಕೇಂದ್ರದಲ್ಲಿ ಮ್ಯಾಗ್ನೆಟಿಕ್ ಟೇಪು. ಉತ್ತರದಿಂದ ಬರುವ ಅಲೆ ಉತ್ತರದ ತುದಿಯ ಗುಂಡಿಯನ್ನು ಮೊದಲು ಮುಟ್ಟುತ್ತದೆ, ಆಮೇಲೆ ಅದರ ಪಕ್ಕದ್ದನ್ನು, ಹೀಗೆ ಕ್ಷಣದ ಒಂದಂಶದ ಅಂತರದಲ್ಲಿ. ಆ ಅಂತರಗಳಿಂದಲೇ ಅಲೆ ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತೆಂದು ಲೆಕ್ಕ. ಅಂತರ ಸರಿಹೊಂದಿಸಿ 20 ಗೆರೆಗಳನ್ನೂ ಕೂಡಿಸಿದರೆ, ಶಿಡ್ಲಘಟ್ಟದ ರೀಲರುಗಳು ಹಲವು ರೇಷ್ಮೆಗೂಡಿನ ಎಳೆ ಸೇರಿಸಿ ಒಂದು ನೂಲು ತೆಗೆಯುವ ಹಾಗೆ, ಬಿಡಿಬಿಡಿಯಾಗಿ ಕಾಣದಿದ್ದದ್ದು ಒಟ್ಟಿಗೆ ಗಟ್ಟಿಯಾಗಿ ಕಾಣುತ್ತದೆ.

ಭೂಕಂಪ ಯಾವುದು, ಬಾಂಬು ಯಾವುದು ಎಂದು ಬೇರ್ಪಡಿಸುವುದಕ್ಕೂ ದಾರಿಗಳಿವೆ. ಬಾಂಬು ಸುತ್ತಲಿನ ಕಲ್ಲನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಎಲ್ಲಿ ನೋಡಿದರೂ ಗೆರೆಯ ಮೊದಲ ಜಿಗಿತ ಮೇಲಕ್ಕೇ. ಭೂಕಂಪದಲ್ಲಿ ಬಂಡೆ ಸೀಳಿ ಜಾರುವುದರಿಂದ ಕೆಲವು ದಿಕ್ಕಿಗೆ ಮೇಲೆ, ಕೆಲವು ದಿಕ್ಕಿಗೆ ಕೆಳಗೆ. ಭೂಕಂಪದ ಹಿಂದೆ ನಿಧಾನವಾಗಿ ಉರುಳಿ ಬರುವ ಮೇಲ್ಮೈ ಅಲೆಗಳು ದೊಡ್ಡವು, ಬಾಂಬಿನ ಹಿಂದೆ ಚಿಕ್ಕವು. ಯಾವ ದೇಶದ ವಕ್ತಾರ ಏನು ಹೇಳಿದರೂ ಈ ಗೆರೆ ಬದಲಾಗುವುದಿಲ್ಲ.

ಅಮೆರಿಕ ಇದೇ ಕೆಲಸಕ್ಕೆ 1965ರಲ್ಲಿ ಮೊಂಟಾನಾದಲ್ಲಿ 525 ಯಂತ್ರಗಳ, 200 ಕಿ.ಮೀ. ಅಗಲದ ಭಾರಿ ಜಾಲವನ್ನು ಕಟ್ಟಿತು. 1978ರಲ್ಲಿ ಅದನ್ನು ಮುಚ್ಚಿತು. ನಮ್ಮ 20 ಗುಂಡಿಗಳ ಕೇಂದ್ರ ಈಗಲೂ ಇದೆ.

ಭೂಪಟ ಹಿಡಿದು ಅಳೆದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ರಷ್ಯಾ ಬಾಂಬು ಸಿಡಿಸುತ್ತಿದ್ದ ಕಜಕಸ್ತಾನದ ಸೆಮಿಪಲಾಟಿನ್‌ಸ್ಕ್ ಗೌರಿಬಿದನೂರಿನಿಂದ ನೆಟ್ಟಗೆ ಉತ್ತರಕ್ಕೆ, ಸುಮಾರು 4,000 ಕಿ.ಮೀ. ಅಲ್ಲಿ ಸಿಡಿದರೆ ಏಳು ನಿಮಿಷಕ್ಕೆ ಇಲ್ಲಿ ಗೆರೆ ಜಿಗಿಯುತ್ತದೆ. ಚೀನಾದ ಲೋಪ್ ನೋರ್ ಇನ್ನೂ ಹತ್ತಿರ, 3,300 ಕಿ.ಮೀ., ಆರು ನಿಮಿಷ. ಆದರೆ ನೆವಾಡಾ? 14,000 ಕಿ.ಮೀ.ಗೂ ಹೆಚ್ಚು. ಅಷ್ಟು ದೂರದ ಅಲೆ ನೇರವಾಗಿ ಬರಲು ಭೂಗರ್ಭದ ದ್ರವರೂಪದ ತಿರುಳು ಅಡ್ಡವಿದೆ. ಭೂಕಂಪ ಶಾಸ್ತ್ರದವರು ‘ನೆರಳು ವಲಯ’ ಎನ್ನುವ ಪಟ್ಟಿಯೊಳಗೆ ನಾವು ಬೀಳುತ್ತೇವೆ. ತಿರುಳನ್ನು ತೂರಿಕೊಂಡು ಬರುವ ಕ್ಷೀಣ ಅಲೆ ಬಿಟ್ಟರೆ ನೆವಾಡಾದ ಸದ್ದು ನಮಗೆ ಚೆನ್ನಾಗಿ ಕೇಳಿಸದು. ಪಶ್ಚಿಮದವರು ಕೊಟ್ಟ ಕಿವಿ ಪೂರ್ವದ ಬಾಂಬುಗಳ ಕಡೆಗೇ ತಿರುಗಿತ್ತು. ಅದನ್ನು ಪಿತೂರಿ ಎನ್ನಬೇಕಿಲ್ಲ, ಅವರಿಗೆ ಬೇಕಾದದ್ದು ಅದೇ. 1964ರ ಅಕ್ಟೋಬರಿನಲ್ಲಿ ಚೀನಾ ಮೊದಲ ಬಾಂಬು ಸಿಡಿಸಿದ ಮೇಲೆ ನಮಗೆ ಬೇಕಾದದ್ದೂ ಅದೇ ಆಯಿತು.

ಅಮೆರಿಕದ ಕೆಲವು ಸ್ಫೋಟಗಳು ಈ ನೆರಳಿನಿಂದ ಆಚೆಗಿದ್ದವು, ಅವುಗಳಲ್ಲೊಂದು ಅವರ ನೆಲದಡಿಯ ಸ್ಫೋಟಗಳಲ್ಲೇ ದೊಡ್ಡದು. 1971ರ ನವೆಂಬರ್ 6ರಂದು ಅಲಾಸ್ಕಾದ ಆಮ್ಚಿಟ್ಕಾ ದ್ವೀಪದಲ್ಲಿ ನಿಕ್ಸನ್ ಸರ್ಕಾರ ಸುಮಾರು 5 ಮೆಗಾಟನ್ ಬಾಂಬು ಸಿಡಿಸಿತು. ಗೌರಿಬಿದನೂರಿಗೆ 9,600 ಕಿ.ಮೀ., ನೇರ ಅಲೆ ಬರುವ ದೂರ. ಇದನ್ನು ತಡೆಯಲೆಂದು ಕೆನಡಾದ ವ್ಯಾಂಕೂವರಿನಿಂದ ಹಳೆಯ ಮೀನುಗಾರಿಕೆ ದೋಣಿ ಹತ್ತಿ ಹೊರಟವರಿಂದಲೇ ಗ್ರೀನ್‌ಪೀಸ್ ಹುಟ್ಟಿತು. ಪರೀಕ್ಷೆಗೆ ತಡೆ ಕೋರಿದ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 4–3ರಲ್ಲಿ ಸರ್ಕಾರ ಗೆದ್ದಿತು. ಕೋರ್ಟು ಒಪ್ಪಿದ ಕೆಲವೇ ಗಂಟೆಗಳಲ್ಲಿ ಬಾಂಬು ಸಿಡಿಯಿತು.

1974ರಲ್ಲಿ ನಿಕ್ಸನ್, ಬ್ರೆಜ್ನೇವ್ ಕೂತು ನೆಲದಡಿಯ ಸ್ಫೋಟ 150 ಕಿಲೋಟನ್ ಮೀರಬಾರದು ಎಂದು ಬರೆದುಕೊಂಡರು. ಎಂಬತ್ತರ ದಶಕದಲ್ಲಿ ರೇಗನ್ ಸರ್ಕಾರ ರಷ್ಯಾ ಈ ಮಿತಿ ಮೀರುತ್ತಿದೆ ಎಂದು ವರ್ಷ ವರ್ಷವೂ ಕಾಂಗ್ರೆಸ್ಸಿಗೆ ವರದಿ ಕೊಟ್ಟಿತು. ಇಲ್ಲಿ ತಮಾಷೆ ಇರುವುದು ಕಲ್ಲಿನಲ್ಲಿ. ನೆವಾಡಾದ ಕೆಳಗಿನ ನೆಲ ಬಿಸಿ, ಮೆದು, ಅಲೆಯನ್ನು ನುಂಗುತ್ತದೆ. ಸೆಮಿಪಲಾಟಿನ್‌ಸ್ಕಿನದು ನಮ್ಮ ಕಡೆಯ ಹಾಗೆ ಹಳೆಯ ಗಟ್ಟಿ ಕಲ್ಲು. ಅಷ್ಟೇ ದೊಡ್ಡ ಬಾಂಬು ಅಲ್ಲಿ ಸಿಡಿದರೆ ಗೆರೆ ದೊಡ್ಡದಾಗಿ ಮೂಡುತ್ತದೆ. ನೆವಾಡಾದ ಅಳತೆಗೋಲು ಹಿಡಿದು ರಷ್ಯಾದ ಬಾಂಬು ಅಳೆದರೆ ಎಲ್ಲವೂ ಮಿತಿ ಮೀರಿದಂತೆಯೇ ಕಾಣುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳ ಭೂಕಂಪ ತಜ್ಞರು ಇದನ್ನು ತಮ್ಮದೇ ಸರ್ಕಾರಕ್ಕೆ ಹೇಳಿ ಹೇಳಿ ಸೋತರು. ಕೊನೆಗೆ 1988ರಲ್ಲಿ ಎರಡೂ ದೇಶದವರು ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗಿ, ಆಗಸ್ಟಿನಲ್ಲಿ ನೆವಾಡಾ, ಸೆಪ್ಟೆಂಬರಿನಲ್ಲಿ ಸೆಮಿಪಲಾಟಿನ್‌ಸ್ಕ್, ಎದುರಿಗೇ ನಿಂತು ಅಳೆದರು. ತಜ್ಞರ ಲೆಕ್ಕವೇ ಸರಿಯಿತ್ತು. ಅಷ್ಟರಲ್ಲಿ ರೇಗನ್ ಅವಧಿ ಮುಗಿಯುತ್ತ ಬಂದಿತ್ತು; ಆ ಆಪಾದನೆಗಳ ಮೇಲೆ ಗೆದ್ದ ಮತಗಳನ್ನು ಯಾರೂ ವಾಪಸು ಕೇಳಲಿಲ್ಲ.

ಹತ್ತು ವರ್ಷಕ್ಕೆ ಅದೇ ಜಗಳ ನಮ್ಮ ಮನೆಗೇ ಬಂತು. 1998ರ ಮೇ 11ರಂದು ಪೋಖ್ರಾನಿನಲ್ಲಿ ಮೂರು, 13ರಂದು ಎರಡು ಸ್ಫೋಟ. ಅಮೆರಿಕದ ಉಪಗ್ರಹಗಳು ಸಿದ್ಧತೆಯನ್ನು ಹಿಡಿಯಲಿಲ್ಲ. ಸುಮಾರು 1,600 ಕಿ.ಮೀ. ದೂರದ ಗೌರಿಬಿದನೂರು ಈ ಸಲ ನಮ್ಮದೇ ಬಾಂಬಿಗೆ ಸಾಕ್ಷಿ. ಮೇ 11ರ ಶಕ್ತಿ ಒಟ್ಟು ಸುಮಾರು 58 ಕಿಲೋಟನ್ ಎಂದು ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಹೇಳಿದರೆ, ಅದರ ಅರ್ಧವೂ ಇಲ್ಲ ಎಂದು ಅಮೆರಿಕದ ಹಲವು ತಜ್ಞರು. ಪೋಖ್ರಾನಿನ ಕಲ್ಲು ಬೇರೆ, ಸುಮಾರು ಒಂದು ಕಿ.ಮೀ. ಅಂತರದಲ್ಲಿ ಒಟ್ಟಿಗೆ ಸಿಡಿದ ಎರಡು ಬಾಂಬುಗಳ ಅಲೆ ಕೆಲವು ದಿಕ್ಕುಗಳಲ್ಲಿ ಒಂದನ್ನೊಂದು ಕಳೆದುಕೊಂಡಿವೆ, ನಿಮ್ಮ ಅಳತೆಗೋಲು ಇಲ್ಲಿಗೆ ಹೊಂದದು ಎಂದು ನಮ್ಮವರ ಉತ್ತರ. ರಷ್ಯಾದವರ ಹಳೆಯ ವಾದವನ್ನು ಈಗ ನಾವು ತಿರುಗುಮುರುಗಾಗಿ ಹೇಳುತ್ತಿದ್ದೆವು: ಅವರು ಬಾಂಬು ಚಿಕ್ಕದೆನ್ನಲು, ನಾವು ದೊಡ್ಡದೆನ್ನಲು. 2009ರಲ್ಲಿ ಆ ಪರೀಕ್ಷೆಯ ತಂಡದಲ್ಲಿದ್ದ ಕೆ. ಸಂತಾನಂ ಅವರೇ ಹೈಡ್ರೋಜನ್ ಬಾಂಬು ಹೇಳಿದಷ್ಟು ಕೆಲಸ ಮಾಡಲಿಲ್ಲ ಎಂದರು, ಅಣುಶಕ್ತಿ ಇಲಾಖೆ ಅಲ್ಲಗಳೆಯಿತು. ದೇಶಪ್ರೇಮ ತುಂಬಿಕೊಂಡಾಗ ಗೆರೆ ಓದುವ ಕಣ್ಣು ಎಲ್ಲ ದೇಶದಲ್ಲೂ ಸ್ವಲ್ಪ ಮಂಜಾಗುತ್ತದೆ, ನಮ್ಮದಾದರೂ ಅಷ್ಟೇ. ಗೌರಿಬಿದನೂರಿನ ಆ ದಿನದ ಮೂಲ ದಾಖಲೆಯನ್ನು ಪೂರ್ತಿಯಾಗಿ ಯಾರು ಬೇಕಾದರೂ ಓದುವಂತೆ ಹೊರಗಿಟ್ಟರೆ ಈ ಚರ್ಚೆಗೆ ಒಂದು ಕೊನೆ ಬರಬಹುದೆಂದು ನನ್ನ ಅನಿಸಿಕೆ.

ಮೇ 13ರಂದೇ ಕ್ಲಿಂಟನ್ ಭಾರತದ ಮೇಲೆ ನಿರ್ಬಂಧ ಹೇರಿದರು. ಆ ವರ್ಷವೇ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಅಮೆರಿಕದ ವ್ಯಾಪಾರ ನಿರ್ಬಂಧದ ಪಟ್ಟಿ ಸೇರಿತು. ಗೌರಿಬಿದನೂರಿನ ಕೇಂದ್ರ ಅದರದೇ ಅಂಗ. ಮಾರನೆಯ ವರ್ಷ, 1999ರ ಅಕ್ಟೋಬರ್ 13ರಂದು, ಅದೇ ಕ್ಲಿಂಟನ್ 1996ರಲ್ಲಿ ಎಲ್ಲರಿಗಿಂತ ಮೊದಲು ಸಹಿ ಹಾಕಿದ್ದ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದವನ್ನು ಅವರದೇ ದೇಶದ ಸೆನೆಟ್ ತಿರಸ್ಕರಿಸಿತು. ಪರವಾಗಿ 48, ವಿರುದ್ಧ 51. ಮುಖ್ಯ ಕಾರಣಗಳಲ್ಲೊಂದು ಯಾವುದು ಗೊತ್ತೇ? ಪತ್ತೆ ಮಾಡಲಾಗದು! ರೇನಿಯರ್ ಸಿಡಿದು 42 ವರ್ಷವಾಗಿತ್ತು.

ನಾವೂ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. 1996ರಲ್ಲಿ ಜಿನೀವಾದಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಖಡಾಖಂಡಿತವಾಗಿ ಒಲ್ಲೆ ಎಂದರು. ಐದು ದೇಶಗಳು ಬಾಂಬು ಇಟ್ಟುಕೊಂಡೇ ಉಳಿದವರಿಗೆ ಬೇಡ ಎನ್ನುವುದು ಒಪ್ಪಲಾಗದ ಮಾತು ಎಂಬ ವಾದದಲ್ಲಿ ತೂಕವಿತ್ತು. ಫಲ ಮಾತ್ರ ವಿಚಿತ್ರ. ಎಸ್ಕ್‌ಡೇಲ್‌ಮ್ಯೂರ್, ಯೆಲ್ಲೋನೈಫ್, ವರಮುಂಗ ಮೂರೂ ಇವತ್ತು ಆ ಒಪ್ಪಂದಕ್ಕಾಗಿ ಕಟ್ಟಿದ ವಿಯೆನ್ನಾದ ಅಂತರರಾಷ್ಟ್ರೀಯ ಜಾಲದಲ್ಲಿವೆ. ಅವುಗಳ ಒಡಹುಟ್ಟಿದ ಗೌರಿಬಿದನೂರು ಅದರ ಹೊರಗಿದೆ. 1954ರಲ್ಲಿ ನಿಲ್ಲಿಸಿ ಎಂದ ದೇಶ ನಾವೇ ಅಲ್ಲವೇ?

ಜಿಲ್ಲೆಯ ಜನಕ್ಕೆ ಈ ಕೇಂದ್ರದ ನೆನಪಾಗುವುದು ನೆಲ ನಡುಗಿದಾಗ. 2021ರ ಭಾರಿ ಮಳೆಯ ಬಳಿಕ ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರದ ಬಳಿ ಐದು ನಿಮಿಷದ ಅಂತರದಲ್ಲಿ 2.9, 3.0 ತೀವ್ರತೆಯ ಎರಡು ಕಂಪನ. ಚಿಂತಾಮಣಿ ಕಡೆಯ ಹಳ್ಳಿಗಳಲ್ಲೂ ಆ ದಿನಗಳಲ್ಲಿ ನೆಲದೊಳಗೆ ಗುಡುಗಿದಂಥ ಸದ್ದು. ಜನ ಮನೆ ಬಿಟ್ಟು ಬಯಲಿಗೆ ಬಂದರು. ಸ್ಫೋಟ ಎಂದರೆ ಇಲ್ಲಿಯವರಿಗೆ ನೆನಪಾಗುವುದು ಕಲ್ಲು ಕ್ವಾರಿಯ ಜಿಲೆಟಿನ್: ಅದೇ ವರ್ಷದ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಆರು ಮಂದಿಯನ್ನು ಕೊಂದದ್ದು. ಸೆಮಿಪಲಾಟಿನ್‌ಸ್ಕಿನ ಬಾಂಬನ್ನು ಏಳು ನಿಮಿಷದಲ್ಲಿ ಹಿಡಿಯಬಲ್ಲ ಜಿಲ್ಲೆಯಲ್ಲಿ ಪಕ್ಕದ ಕ್ವಾರಿಯ ಅಕ್ರಮ ಸಿಡಿಮದ್ದು ಆರು ಹೆಣ ಬಿದ್ದ ಮೇಲೆ ಸುದ್ದಿಯಾಯಿತು.

2025 ಅಮೆರಿಕದ ಕಡೆಯಿಂದ ನಮಗೆ ಬಿಸಿ, ತಣ್ಣಗೆ ಎರಡನ್ನೂ ತಂದ ವರ್ಷ. ಜನವರಿಯಲ್ಲಿ, ಬೈಡನ್ ಇಳಿಯುವ ಕೊನೆಯ ದಿನಗಳಲ್ಲಿ, ಭಾಭಾ ಕೇಂದ್ರದ ಹೆಸರು ನಿರ್ಬಂಧದ ಪಟ್ಟಿಯಿಂದ ಹೋಯಿತು. ಆಗಸ್ಟಿನಲ್ಲಿ ಟ್ರಂಪ್ ನಮ್ಮ ಸರಕಿನ ಮೇಲೆ ಶೇ 50 ಸುಂಕ ಹಾಕಿದರು. ಅಕ್ಟೋಬರ್ 30ರಂದು, ದಕ್ಷಿಣ ಕೊರಿಯಾದಲ್ಲಿ ಷಿ ಜಿನ್‌ಪಿಂಗ್ ಅವರನ್ನು ಕಾಣುವ ತುಸು ಮುಂಚೆ, ಬೇರೆ ದೇಶಗಳು ಪರೀಕ್ಷೆ ನಡೆಸುತ್ತಿವೆ, ಅವರಿಗೆ ಸರಿಸಮನಾಗಿ ನಾವೂ ಅಣ್ವಸ್ತ್ರ ಪರೀಕ್ಷೆ ಶುರುಮಾಡುತ್ತೇವೆ ಎಂದು ಬರೆದರು. ರಷ್ಯಾ, ಚೀನಾ ಗುಟ್ಟಾಗಿ ಸಿಡಿಸುತ್ತಿವೆ, ಪಾಕಿಸ್ತಾನವೂ ಎಂದು ಟಿ.ವಿ. ಸಂದರ್ಶನದಲ್ಲಿ ಸೇರಿಸಿದರು. ಇಂಧನ ಸಚಿವ ಕ್ರಿಸ್ ರೈಟ್ ಮಾತ್ರ, ಅಣುಸ್ಫೋಟವಲ್ಲ, ಬಿಡಿಭಾಗಗಳ ಪರೀಕ್ಷೆ ಎಂದು ಸಮಾಧಾನ ಹೇಳಿದರು. ನಮ್ಮ ಟಿ.ವಿ. ಚಾನೆಲ್ಲುಗಳಿಗೆ ಪಾಕಿಸ್ತಾನದ ಹೆಸರು ಕಿವಿಗೆ ಬಿದ್ದದ್ದೇ ಸಾಕಾಯಿತು.

ಇಂಥ ಆಪಾದನೆ ಕೇಳಿದಾಗ ಕೇಳಬೇಕಾದ್ದು ಒಂದೇ: ಗೆರೆ ಎಲ್ಲಿ? ತೀರಾ ಸಣ್ಣ ಸ್ಫೋಟ ಯಂತ್ರದ ಕಣ್ಣು ತಪ್ಪಿಸಬಹುದು, ನಿಜ. ಆದರೆ ಸೇನೆಗೆ ಉಪಯೋಗಕ್ಕೆ ಬರುವಷ್ಟು ದೊಡ್ಡದನ್ನು ಈಗಿನ ಜಾಲದಿಂದ ಅಡಗಿಸುವುದು ಬಲು ಕಷ್ಟ. ಟ್ರಂಪ್ ಆಗ ಗೆರೆ ತೋರಿಸಲಿಲ್ಲ. 1958ರಲ್ಲಿ ಆಯೋಗ ಕೇಳಿಸದು ಎಂದಿತು, ಇವರು ಕೇಳಿಸಿತು ಎನ್ನುತ್ತಾರೆ. ಎರಡಕ್ಕೂ ಕಾರಣ ಬಾಂಬು ಸಿಡಿಸುವ ಆಸೆಯೇ. ಈಗ ಅಮೆರಿಕ ನಿಜವಾಗಿ ಸಿಡಿಸಿದರೆ ಮೊದಲ ಲಾಭ ಚೀನಾಕ್ಕೆ. ಚೀನಾ ಇದುವರೆಗೆ ನಡೆಸಿದ್ದು 45 ಪರೀಕ್ಷೆ, ಕಲಿಯಬೇಕಾದದ್ದು ಅವರಿಗೇ ಹೆಚ್ಚು ಉಳಿದಿದೆ. ಅವರ ಹಿಂದೆಯೇ ನಮ್ಮಲ್ಲೂ ಪೋಖ್ರಾನಿಗೆ ಮತ್ತೆ ಹೋಗೋಣ ಎನ್ನುವವರು ಎದ್ದು ನಿಲ್ಲುತ್ತಾರೆ.

ರಷ್ಯಾದ ಕೊನೆಯ ಅಣುಸ್ಫೋಟ 1990ರ ಅಕ್ಟೋಬರ್ 24ರಂದು ನಡೆಯಿತು. ಅಮೆರಿಕದ್ದು 1992ರ ಸೆಪ್ಟೆಂಬರ್ 23, ಚೀನಾದ್ದು 1996ರ ಜುಲೈ 29, ನಮ್ಮದು 1998ರ ಮೇ 13, ಪಾಕಿಸ್ತಾನದ್ದು ಅದೇ ವರ್ಷ ಮೇ 30. ಆಮೇಲೆ ನೆಲದಡಿ ಬಾಂಬು ಸಿಡಿಸಿದ್ದಾಗಿ ಒಪ್ಪಿಕೊಂಡ, ಯಂತ್ರಗಳಿಗೂ ಸಿಕ್ಕಿಬಿದ್ದ ದೇಶ ಉತ್ತರ ಕೊರಿಯಾ ಒಂದೇ, ಅದರ ಕೊನೆಯದು 2017ರ ಸೆಪ್ಟೆಂಬರ್ 3.